ಕಾಕಾನ ಮೊಣಕಾಲು

ಮೊನ್ನೆ ಜಮಖಂಡಿಯ ದವಾಖಾನೆಯಲ್ಲಿ ಎತ್ತರದ ಮಂಚದ ತುದಿಗೆ ಕಾಲು ಇಳಿಬಿಟ್ಟುಕೊಂಡು ಕುಳಿತಿದ್ದೆ. ಸಕ್ಕರೆ ಕಾಯಿಲೆ ನನ್ನ ಜೊತೆ ಸಂಸಾರ ಹೂಡಿ ಬಹಳ ವರ್ಷವಾಯಿತು. ಈಚೆಗೆ ಅಂಗಾಲಿನ ಕೆಳಗೆ ಯಾರೋ ದಪ್ಪ ಅರಿವೆ ಹಾಸಿದ್ದಾರೆ ಅನ್ನಿಸುತ್ತದೆ. ಬರಿಗಾಲಲ್ಲಿ ನಡೆದರೂ ನೆಲ ಸಿಗುವುದಿಲ್ಲ. ಡಾಕ್ಟರು ಒಂದು ಕಾಲಕ್ಕೆ ಸಾಲೆಯಲ್ಲಿ ನನ್ನ ಹತ್ತಿರವೇ ವಿಜ್ಞಾನ ಕಲಿತ ಹುಡುಗಿ. ನನ್ನ ಮಾತೆಲ್ಲ ಕೇಳಿ, ರಬ್ಬರಿನ ತಲೆಯ ಪುಟ್ಟ ಸುತ್ತಿಗೆ ತೆಗೆದು, ಮೊಣಕಾಲ ಚಿಪ್ಪಿನ ಕೆಳಗೆ ಟಕ್ಕನೆ ತಟ್ಟಿದಳು. ಕಾಲು ಅಲುಗಲಿಲ್ಲ.

“ಬಿಗಿ ಹಿಡೀಬ್ಯಾಡ್ರಿ ಅಕ್ಕೋರ,” ಅಂದಳು.

“ನಾ ಎಲ್ಲಿ ಹಿಡದೇನವಾ?”

“ಹಿಡದೀರಿ. ತೊಡಿ ಮುಟ್ಟಿ ನೋಡ್ರಿ.”

ಮುಟ್ಟಿ ನೋಡಿದೆ. ಕಲ್ಲಾಗಿತ್ತು. ನಾನು ಹೇಳಿರಲಿಲ್ಲ, ಅದೂ ನನ್ನನ್ನು ಕೇಳಿರಲಿಲ್ಲ. ಅರವತ್ತು ದಾಟಿದ ಕಾಲು ತನ್ನಷ್ಟಕ್ಕೆ ತಾನೇ ಬಿಗಿದುಕೊಂಡು ಕುಳಿತಿತ್ತು. ನನಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಯಾರೋ ಕರೆದರೆಂದು ಡಾಕ್ಟರು ಎದ್ದು ಹೋದಳು. ಅವಳು ಬರುವವರೆಗೆ ನಿಮಗೆ ಗುರುಪಾದ ಕಾಕಾನ ವಿಷಯ ಹೇಳಿಬಿಡುತ್ತೇನೆ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಕಾಕಾ ನಮ್ಮಪ್ಪನ ತಮ್ಮ. ನಡುಮನೆಯಲ್ಲೇ ಅವನ ಕುಣಿಮಗ್ಗ. ನೋಡದವರಿಗಾಗಿ ಹೇಳುತ್ತೇನೆ: ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ, ನೇಯುವವರು ಅದರ ಅಂಚಿಗೆ ಕುಳಿತು ಕಾಲು ಒಳಗೆ ಇಳಿಬಿಡಬೇಕು. ಕುಣಿಯ ತಳದಲ್ಲಿ ತುಳಿಯುವ ಪಟ್ಟಿಗಳು. ಒಂದನ್ನು ತುಳಿದರೆ ಹಾಸಿನ, ಅಂದರೆ ಉದ್ದ ನೂಲಿನ, ಅರ್ಧ ಎಳೆಗಳು ಮೇಲೇಳುತ್ತವೆ, ಆ ಸಂದಿಯಲ್ಲಿ ಅಡ್ಡ ನೂಲು ಹೊತ್ತ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಲಾಳಿ ಇನ್ನೂ ನಡುದಾರಿಯಲ್ಲಿರುವಾಗ ಕಾಲು ಎದ್ದಿತೋ, ಮುಗಿಯಿತು. ಎಳೆಗಳು ಮುಚ್ಚಿಕೊಂಡು ಲಾಳಿ ಸಿಕ್ಕಿಬೀಳುತ್ತದೆ, ಹತ್ತಿಪ್ಪತ್ತು ಎಳೆ ಪಟಪಟನೆ ಹರಿಯುತ್ತವೆ. ಅವನ್ನು ಒಂದೊಂದಾಗಿ ಗಂಟು ಹಾಕುವುದರಲ್ಲಿ ಅರ್ಧ ದಿನ, ಮನೆಯವರ ಬೈಗುಳ ಕೇಳುವುದರಲ್ಲಿ ಉಳಿದರ್ಧ ದಿನ ಹೋಗುತ್ತದೆ.

ಓಣಿಯ ಮಕ್ಕಳಿಗೆಲ್ಲ ಮಗ್ಗ ಕಲಿಸಿದವನು ಕಾಕಾನೇ. ಅವನ ಪಾಠದಲ್ಲಿ ಮಾತು ಕಡಿಮೆ. ಹಳೆಯ ಲಾಳಿಯೊಂದನ್ನು ಹಿಡಿದು ಪಕ್ಕದಲ್ಲಿ ಕುಳಿತಿರುತ್ತಿದ್ದ. ಅವನು ಹೇಳದೆ ನಾವು ಕಾಲೆತ್ತಿದರೆ ಮೊಣಕಾಲಿಗೆ ಟಕ್ಕೆಂದು ಒಂದು ಏಟು, ನೋವಾಗುವಷ್ಟಲ್ಲ, ನೆನಪಿರುವಷ್ಟು. ಅವನಿಗೆ ಅವನಪ್ಪ ಹೀಗೇ ಕಲಿಸಿದ್ದನಂತೆ. ಕೆಲವು ದಿನ ಕಳೆದ ಮೇಲೆ ತಪ್ಪಿಲ್ಲದಿದ್ದರೂ ತಟ್ಟುತ್ತಿದ್ದ, ಪರೀಕ್ಷೆಗೆ. ತಟ್ಟಿದಾಗ ಕಾಲು ಅಲುಗದಿದ್ದರೆ ಪಾಸು. ನಾನು ಹಟ ಮಾಡಿ ಕುಣಿಗೆ ಇಳಿದವಳು, ಮೊದಲ ತಿಂಗಳಲ್ಲೇ ಪಾಸಾದೆ.

“ನೋಡ್ರಿಲೇ, ಕಾಲಂದ್ರ ಇಂಥಾದಿರಬೇಕು. ಮನಿ ಬಿದ್ರೂ ಅಲುಗೂದಿಲ್ಲ,” ಎಂದು ಕಾಕಾ ಎಲ್ಲರೆದುರು ಹೇಳಿದ. ಮುಂದೆ ಸಾಲೆಯಲ್ಲಿ ಸಿಕ್ಕ ಯಾವ ಬಹುಮಾನಕ್ಕೂ ನಾನು ಅಷ್ಟು ಬೀಗಿದ್ದಿಲ್ಲ.

ಆಮೇಲೆ ಮಗ್ಗ ಬಿಟ್ಟು ಓದಿ, ಮುಧೋಳದ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಅಲ್ಲಿ ನನಗೆ ಬಲು ಪ್ರೀತಿಯ ಪಾಠ ಒಂದಿತ್ತು, ಅನೈಚ್ಛಿಕ ಪ್ರತಿಕ್ರಿಯೆಯದು. ಹೆಸರು ಬರೆಯುವಷ್ಟರಲ್ಲೇ ಮಕ್ಕಳಿಗೆ ನಿದ್ದೆ. ಅದಕ್ಕೆ ನಾನು ಎದುರುಮನೆಯ ಬೇಟೆನಾಯಿಯ ಮಾತು ತೆಗೆಯುತ್ತಿದ್ದೆ. ಗಾಳಿಯಂತೆ ಓಡುವ ಆ ಸಣ್ಣ ನಡುವಿನ ನಾಯಿಯ ಪಕ್ಕೆಯನ್ನು ಕೆರೆದರೆ ಸಾಕು, ಅದರ ಹಿಂಗಾಲು ತಾನಾಗಿ ಗಾಳಿಯನ್ನು ಕೆರೆಯತೊಡಗುತ್ತಿತ್ತು. ನಾಯಿಯೇ ಹೊರಳಿ ತನ್ನ ಕಾಲನ್ನು ಬೆರಗಿನಿಂದ ನೋಡುತ್ತಿತ್ತು. ನಮಗೂ ಹೀಗೇ ಎಂದು ಬೋರ್ಡಿನ ಮೇಲೆ ಕಾಲು, ಬೆನ್ನುಹುರಿ, ಬಾಣದ ಗುರುತು ಎಲ್ಲ ಬರೆಯುತ್ತಿದ್ದೆ. ಚಿಪ್ಪಿನ ಕೆಳಗೆ ತಟ್ಟಿದರೆ ಅಲ್ಲಿನ ಗಟ್ಟಿ ನಾರು ತುಸು ಜಗ್ಗುತ್ತದೆ, ಜೊತೆಗೆ ತೊಡೆಯ ಸ್ನಾಯು ಜಗ್ಗುತ್ತದೆ. ಆ ಸುದ್ದಿ ಬೆನ್ನುಹುರಿಗೆ ಓಡುತ್ತದೆ, ಅಲ್ಲಿಂದಲೇ ಅಪ್ಪಣೆ ಹೊರಡುತ್ತದೆ, ಕಾಲು ಮುಂದಕ್ಕೆ ಹಾರುತ್ತದೆ. ತಲೆಗೆ ಸುದ್ದಿ ಮುಟ್ಟುವುದರೊಳಗೆ ಕೆಲಸ ಮುಗಿದಿರುತ್ತದೆ. ಇಷ್ಟೆಲ್ಲ ತಿಳಿದವಳು ನಾನು ಎಂಬುದನ್ನು ನೆನಪಿಡಿ.

ಒಂದು ದಿನ ಕಾಕಾ ಮಗ್ಗದಿಂದ ಏಳುವಾಗ ಕುಸಿದುಬಿದ್ದ. ಕಾಲಿಗೆ ಜೋಮು ಹಿಡಿದಿತ್ತು. ಒಂದೇ ವಾರದಲ್ಲಿ ಮೂರು ಸಲ ಹೀಗಾಯಿತು. ಊರಿನ ಡಾಕ್ಟರಲ್ಲಿಗೆ ಹೋದರೆ ಅವರು ಇಂಥದೇ ಸುತ್ತಿಗೆಯಿಂದ ಎರಡೂ ಮೊಣಕಾಲು ತಟ್ಟಿದರು. ಒಂದೂ ಅಲುಗಲಿಲ್ಲ. ಮತ್ತೆ ತಟ್ಟಿದರು, ಮುಖ ಸಣ್ಣದು ಮಾಡಿದರು. ನರಗಳು ಉತ್ತರ ಕೊಡುತ್ತಿಲ್ಲ, ಮಿರಜಿಗೆ ಹೋಗಿ ನರದ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಆವತ್ತಿನಿಂದ ಕಾಕಾ ಕುಣಿಗೆ ಇಳಿಯಲಿಲ್ಲ. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ನಾನು ರಜೆ ಹಾಕಿ ಊರಿಗೆ ಬಂದಾಗ ಮನೆಯ ಮುಂದೆ ಮಣ್ಣಿನ ಗುಡ್ಡೆ ಬಿದ್ದಿತ್ತು.

“ಕುಣಿ ಮುಚ್ಚಸ್ತಾರಂತ,” ಅಂದಳು ಕಾಕು. ಕಾಕಾನ ಹೆಂಡತಿ, ಎಂದೂ ದನಿ ತಗ್ಗಿಸದವಳು, ಆವತ್ತು ಪಿಸುಗುಟ್ಟಿದಳು. “ಮಿರಜಿನವ್ರೂ ಇಲ್ಲ ಅಂದ್ರ, ಬಂದ ದಿನಾನ ಮಣ್ಣ ಹಾಕಸ್ತೇನಿ ಅಂತಾರ. ಖಾಲಿ ಕುಣಿ ನೋಡಕೋತ ಕುಂಡ್ರಾಕ ಆಗೂದಿಲ್ಲಂತ.”

ಕಾಕಾ ಗೋಡೆಗೆ ಒರಗಿ ಕುಳಿತು ತೊಡೆ ಒತ್ತಿಕೊಳ್ಳುತ್ತಿದ್ದ. ಆ ಮನೆಯಲ್ಲಿ ಲಾಳಿಯ ಸಪ್ಪಳವಿಲ್ಲದ ಹಗಲನ್ನು ನಾನು ಕಂಡಿರಲಿಲ್ಲ.

ಮಿರಜಿಗೆ ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆನ್ನುಹುರಿಯ ಪಾಠ ಹೇಳಿ ಅವನ ತಲೆ ತಿಂದೆ. ಅವನು ಕಿಟಕಿಯಾಚೆ ನೋಡುತ್ತ ಹೂಂಗುಟ್ಟುತ್ತಿದ್ದ.

ನರದ ಡಾಕ್ಟರು ವಯಸ್ಸಾದವರು, ಕನ್ನಡ ಬಲ್ಲವರು. ತಟ್ಟಿದರು. ಅಲುಗಲಿಲ್ಲ. ಕಾಕಾನ ತೊಡೆಯ ಮೇಲೆ ಅಂಗೈ ಇಟ್ಟರು, ಅವನ ಮುಖ ನೋಡಿದರು.

“ಏನ ಉದ್ಯೋಗ ನಿಮ್ದು?”

“ನೇಯ್ತೇನ್ರಿ.”

“ಛಲೋ ಆತು. ಎರಡೂ ಕೈಬೆರಳು ಒಂದಕ್ಕೊಂದು ಕೊಂಡಿ ಹಾಕ್ರಿ. ಹಾಂ, ಈಗ ಜೋರ್ಲೆ ಜಗ್ರಿ. ಗ್ವಾಡಿ ಕಡೆ ನೋಡ್ರಿ. ಈಗ ಹೇಳ್ರಿ, ನಿಮ್ಮ ಸೀರಿ ಹಾಸಿನ್ಯಾಗ ಎಷ್ಟ ಎಳಿ ಇರ್ತಾವು?”

ಕಾಕಾ ಕೈ ಜಗ್ಗುತ್ತ, ಗೋಡೆ ನೋಡುತ್ತ, ಮನಸ್ಸಿನಲ್ಲೇ ಲೆಕ್ಕ ಶುರು ಮಾಡಿದ. ಟಕ್! ಕಾಲು ಹಾರಿತು, ಹಾರಿದ್ದು ಡಾಕ್ಟರ ಹೊಟ್ಟೆಗೇ ತಾಗಿತು.

ಕಾಕಾ ಮಂಚದಿಂದ ಇಳಿದವನೇ ಅವರ ಕಾಲು ಹಿಡಿದ. “ತಪ್ಪಾತ್ರೀ ಸಾಹೇಬ್ರ! ಎಂದೂ ಹಿಂಗ ಮಾಡಿದ್ದಿಲ್ರಿ ಈ ಕಾಲು!”

“ಏಳೋ ಮಾರಾಯಾ! ಒದೀಲಿ ಅಂತನ ತಟ್ಟಿದ್ದು ನಾ.”

“ಒದೀಬೇಕಿತ್ರ್ಯಾ?” ಕಾಕಾ ನೆಲದ ಮೇಲೇ ಕುಳಿತು ಅವರನ್ನು ನೋಡಿದ. “ಆ ಡಾಕ್ಟರೂ ಹೇಳ್ಲಿಲ್ಲ, ನೀವೂ ಹೇಳ್ಲಿಲ್ಲ. ನಾ ಅಲುಗಬಾರ್ದಂತ ಉಸಿರ ಬಿಗಿ ಹಿಡಕೊಂಡು ಕುಂತಿದ್ನ್ರಿ.”

ಹೇಳಿದವನೇ ಅಳತೊಡಗಿದ. ಡಾಕ್ಟರು ನಗುತ್ತಿದ್ದರು. ನಾನು ಮಾತ್ರ ನಾಚಿಕೆಯಿಂದ ಕುಗ್ಗಿಹೋದೆ. ಲಾಳಿಯ ಏಟು ನನಗೂ ಗೊತ್ತಿತ್ತು, ಪಾಠವೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ನನ್ನ ಡಿಗ್ರಿಗೆ ಇರಲಿಲ್ಲ.

ಡಾಕ್ಟರು ಉಳಿದ ಪರೀಕ್ಷೆಗಳನ್ನೂ ಮಾಡಿದರು. ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರೆ ಬೆರಳು ಕೆಳಕ್ಕೆ ಮಡಚಿಕೊಳ್ಳಬೇಕಂತೆ, ಮಡಚಿಕೊಂಡವು. ಕುಣಿಯ ಗಟ್ಟಿ ಅಂಚು ತೊಡೆಯನ್ನು ಒತ್ತಿ ಜೋಮು ಹಿಡಿಯುತ್ತಿತ್ತು, ಅಷ್ಟೇ. ಅಂಚಿಗೆ ಕೌದಿ ಮಡಚಿ ಹಾಕಿಕೊಳ್ಳಿ, ನಡುನಡುವೆ ಎದ್ದು ಓಡಾಡಿ ಅಂದರು.

ಕಾಕು ಆ ಮಣ್ಣನ್ನು ಹಿತ್ತಲಿಗೆ ಹೊರಿಸಿ ಬದನೆ ಸಸಿ ಹಚ್ಚಿದಳು. ಕಾಕಾ ಮರುದಿನವೇ ಮಗ್ಗಕ್ಕೆ ಕುಳಿತು ಆ ಸೀರೆ ಮುಗಿಸಿದ, ಮುಂದೆಯೂ ಬಹಳ ವರ್ಷ ನೇಯ್ದ. ಆದರೆ ಕಲಿಯಲು ಬಂದ ಯಾರ ಮೊಣಕಾಲನ್ನೂ ಮತ್ತೆ ಲಾಳಿಯಿಂದ ತಟ್ಟಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

“ಅವ್ರು ಜೀವ ಐತೇನು ಅಂತ ತಟ್ಟಿ ನೋಡ್ತಾರಲ್ಲವಾ,” ಅಂದ. “ನಾ ಇಷ್ಟ ದಿನಾ ಅದ ಜೀವಾ ಸುಮ್ನಿರ್ಲಿ ಅಂತ ಹೊಡದೆ.” ಆಮೇಲೆ ಎಳೆ ಸರಿಮಾಡುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡ. ಕಾಕಾ ತೀರಿಕೊಂಡು ಈಗ ಬಹಳ ಕಾಲವಾಯಿತು.

ಡಾಕ್ಟರು ಬಂದಳು. ಅವಳು ಹೇಳುವ ಮೊದಲೇ ನಾನು ಬೆರಳಿಗೆ ಬೆರಳು ಕೊಂಡಿ ಹಾಕಿ ಜಗ್ಗಿದೆ, ಗೋಡೆಯ ಕಡೆ ನೋಡಿದೆ. ತಟ್ಟಿದಳು. ಮೊಣಕಾಲು ತುಸುವೇ ಎದ್ದಿತು. ನನಗೆ ಪರೀಕ್ಷೆ ಪಾಸಾದ ಸಂಭ್ರಮ. ಆದರೆ ಅವಳು ಅಲ್ಲಿಗೆ ಬಿಡಲಿಲ್ಲ. ಕುರ್ಚಿಯ ಮೇಲೆ ಮೊಣಕಾಲೂರಿಸಿ, ಪಾದ ಹಿಂದಕ್ಕೆ ಇಳಿಬಿಡಿಸಿ, ಹಿಮ್ಮಡಿಯ ಮೇಲಿನ ನಾರನ್ನು ತಟ್ಟಿದಳು. ಇಲ್ಲಿ ತಟ್ಟಿದರೆ ಪಾದ ಹಿಂದಕ್ಕೆ ಜಿಗಿಯಬೇಕು. ಜಿಗಿಯಲಿಲ್ಲ. ಸಕ್ಕರೆ ಮೊದಲು ತಿನ್ನುವುದು ಈ ಉದ್ದದ ನರಗಳನ್ನೇ.

“ಬಿಗಿ ಹಿಡದೇನೇನವಾ?” ಎಂದು ಕೇಳಿದೆ, ಆಸೆಯಿಂದ.

ಅವಳು ಮೀನಖಂಡವನ್ನು ಮುಟ್ಟಿ ನೋಡಿದಳು. “ಇಲ್ರಿ ಅಕ್ಕೋರ. ಸಡ್ಲ ಐತಿ,” ಎಂದು ಮೆತ್ತಗೆ ಅಂದಳು.

“ಇನ್ನೊಮ್ಮಿ ತಟ್ಟು.”

ತಟ್ಟಿದಳು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡು, ಹೊರಗೆ ಕುಳಿತವರಿಗೆಲ್ಲ ಕೇಳುವ ಹಾಗೆ ನನ್ನ ಕಾಲಿಗೆ ಹೇಳಿದೆ: “ಒದಿ ಲೇ! ಒದಿ!”