ನಿರ್ಮಲಾಳ ಕಾರಿಗೆ ಕಟ್ಟಿದ ಹಗ್ಗ

ನಿರ್ಮಲಾಳಿಗೆ ಸಹಾಯ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಹೀಗೆಂದರೆ ಕಚೇರಿಯವರು ‘ದ್ರಾಕ್ಷಾಯಿಣಿಯ ಬಾಯಿ ಬಲು ಖಾರ’ ಎಂದು ನಗುತ್ತಾರೆ. ನಗಲಿ. ವರ್ಷಗಟ್ಟಲೆ ಅವಳ ಎದುರಿಗೆ ಕುಳಿತು ಕೆಲಸ ಮಾಡಿದವಳು ನಾನು. ಅವಳನ್ನು ಯಾರು ಯಾರು ಹೇಗೆ ಎತ್ತಿದರು, ಹೇಗೆ ಇಳಿಸಿದರು ಎಂಬುದನ್ನು ಕಣ್ಣಾರೆ ಕಂಡವಳೂ ನಾನೇ.

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಮ್ಮಿಬ್ಬರದೂ ಮೊಳಕೆ ಪರೀಕ್ಷೆಯ ಕೆಲಸ. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿಟ್ಟು ಎಷ್ಟು ಮೊಳೆತವು, ಎಷ್ಟು ಸತ್ತವು ಎಂದು ನೋಡುವುದು. ಕಿಟಕಿಯಿಲ್ಲದ ಕೋಣೆ, ಬೆಳಗಿನಿಂದ ಸಂಜೆಯವರೆಗೆ ಟ್ಯೂಬ್‌ಲೈಟು. ನನಗೆ ಅದು ಒಗ್ಗಿಹೋಗಿತ್ತು, ನಿರ್ಮಲಾಳಿಗೆ ಒಗ್ಗಲಿಲ್ಲ. ಅವಳು ಕೃಷಿ ಓದಿದ್ದು ಹೊಲದಲ್ಲಿ ನಿಲ್ಲಲಿಕ್ಕೆ. ಆದರೆ ಮಗುವಾಗಿದ್ದಾಗ ಪೋಲಿಯೊ ಬಂದು ಅವಳ ಎಡಗಾಲು ಸೊರಗಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಕೈಯಲ್ಲೊಂದು ಕೋಲು ಹಿಡಿದು, ತನ್ನ ಪಾಡಿಗೆ ತಾನು ನಡೆಯುತ್ತಿದ್ದಳು.

ಅವಳ ಪಾಡಿಗೆ ಅವಳನ್ನು ಬಿಟ್ಟವರು ಯಾರು? ಬಸ್ಸು ಬಂದರೆ ಕಂಡಕ್ಟರು ರಟ್ಟೆ ಹಿಡಿದು ಮೇಲಕ್ಕೆಳೆಯುತ್ತಿದ್ದ. ಗಟಾರ ಅಡ್ಡ ಬಂದರೆ ಗುರುತಿಲ್ಲದವರೂ ಬೆನ್ನಿಗೆ ಕೈಕೊಟ್ಟು ದಾಟಿಸಿಬಿಡುತ್ತಿದ್ದರು. ಬೇಕೋ ಬೇಡವೋ ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ಕಾಣೆ. ಅವಳು ಎಲ್ಲದಕ್ಕೂ ನಗುತ್ತಿದ್ದಳು. ಅದು ಎಷ್ಟು ದಣಿದ ನಗು ಎಂಬುದು ಹತ್ತಿರದಿಂದ ನೋಡಿದವರಿಗಷ್ಟೇ ಗೊತ್ತು.

ಆ ಕಾರು ಬಂದದ್ದು ಎರಡು ಸಾವಿರದ ಆರರಲ್ಲಿ. ಧಾರವಾಡದ ನಿವೃತ್ತ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಸಣ್ಣ ಬೂದು ಕಾರು. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ. ನಮ್ಮ ಕಡೆ ಅಂಥ ಕಾರನ್ನು ಆಗಿನ್ನೂ ಯಾರೂ ಕಂಡಿರಲಿಲ್ಲ. ನಿರ್ಮಲಾ ಅದನ್ನು ಕೊಂಡು ಹಲಗೇರಿ ರಸ್ತೆಯಲ್ಲಿ ಓಡಿಸಲು ಕಲಿತಳು. ಹಾವೇರಿಗೆ ಹೋಗಿ ಲೈಸೆನ್ಸ್ ತಂದಳು. ಮರುವಾರವೇ ಮ್ಯಾನೇಜರ ಮುಂದೆ ನಿಂತು, ‘ನನಗೆ ಹೊಲದ ಕೆಲಸ ಕೊಡಿ’ ಎಂದು ಕೇಳಿದಳು.

ಕೊಟ್ಟರು. ಬ್ಯಾಡಗಿ, ಕಾಗಿನೆಲೆ ಕಡೆಯ ಕ್ರಾಸಿಂಗ್ ಪ್ಲಾಟುಗಳು ಅವಳ ಪಾಲಿಗೆ ಬಂದವು. ಕ್ರಾಸಿಂಗ್ ಎಂದರೆ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೈಬ್ರಿಡ್ ಬೀಜಕ್ಕೆಂದು ಸಂಜೆ ಹೆಣ್ಣುಮಕ್ಕಳು ಮೆಣಸಿನಕಾಯಿ ಗಿಡದ ಮೊಗ್ಗು ಬಿಡಿಸಿ ಅದರ ಗಂಡುಭಾಗ ಕಿತ್ತಿರುತ್ತಾರೆ, ಬೆಳಿಗ್ಗೆ ಅದಕ್ಕೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ. ಬಿಸಿಲೇರುವುದರೊಳಗೆ ಆ ಕೆಲಸ ಮುಗಿಯಬೇಕು. ಅದನ್ನು ನೋಡುವವಳು ಬೆಳಿಗ್ಗೆಯೇ ಹೊಲದಲ್ಲಿರಬೇಕು. ನಿರ್ಮಲಾ ಇರುತ್ತಿದ್ದಳು. ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಆ ವರ್ಷ ಅವಳ ಮುಖ ನೋಡಬೇಕಿತ್ತು ನೀವು.

ಮರುವರ್ಷದ ಶ್ರಾವಣದಲ್ಲಿ ಕಾಗಿನೆಲೆಯ ಹತ್ತಿರ, ಫಕ್ಕೀರಪ್ಪನ ಹೊಲದ ಬದುವಿನಲ್ಲಿ ಕಾರು ಮುಷ್ಕರ ಹೂಡಿತು. ಕೀಲಿ ತಿರುಗಿಸಿದರೆ ದೀಪವೆಲ್ಲ ಹತ್ತುತ್ತವೆ, ಎಂಜಿನ್ ಮಾತ್ರ ಕಮಕ್ ಕಿಮಕ್ ಎನ್ನುವುದಿಲ್ಲ. ಫಕ್ಕೀರಪ್ಪ ದೊಡ್ಡ ಮನಸ್ಸಿನ ರೈತ, ನಿರ್ಮಲಾಳ ಮೇಲೆ ಬಹಳ ಅಭಿಮಾನ. ಓಡಿ ಬಂದ.

“ಚಾಲೂ ಆಗವಲ್ದೇನ್ರಿ ಅಕ್ಕಾರ? ಚಿಂತೀ ಬಿಡ್ರಿ. ನನ್ನ ಟ್ರ್ಯಾಕ್ಟರ್ ಐತಿ, ಬ್ಯಾಡಗಿ ಮಟಾ ಎಳಕೊಂಡ ಹೋಗಿಬಿಡತೇನಿ.”

ನಮ್ಮಲ್ಲಿ ಕೆಟ್ಟು ನಿಂತ ಗಾಡಿಗೆ ಮೊದಲ ಔಷಧವೇ ಅದು. ದಬ್ಬುವುದು, ಅದೂ ಆಗದಿದ್ದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದು. ಆದರೆ ಈ ಕಾರಿಗೆ ಅದು ವಿಷ. ಎಂಜಿನ್ ತಿರುಗುತ್ತಿದ್ದರೆ ಮಾತ್ರ ಅದರ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹರಿಯುತ್ತದೆ. ಎಂಜಿನ್ ಬಂದ್ ಇದ್ದಾಗ ಮುಂದಿನ ಗಾಲಿಗಳನ್ನು ದೂರ ಉರುಳಿಸಿದರೆ ಒಳಗಿನದೆಲ್ಲ ಒಣಗಿ, ತಿಕ್ಕಿ, ಸುಟ್ಟುಹೋಗುತ್ತದೆ. ಧಾರವಾಡದ ಡಾಕ್ಟರು ಇದನ್ನು ಒತ್ತಿ ಒತ್ತಿ ಹೇಳಿ ಕಳಿಸಿದ್ದರು.

“ಇದನ್ನ ಎಳೀಬಾರದ್ರಿ ಕಾಕಾ,” ಎಂದಳು ನಿರ್ಮಲಾ. “ಮುಂದಿನ ಗಾಲಿ ಎತ್ತಿ ಒಯ್ಬೇಕು. ಇಲ್ಲಾಂದ್ರ ಗೇರ್‌ಬಾಕ್ಸ್ ಸುಟ್ಟ ಹೊಕ್ಕೈತಿ.”

“ಗಾಲಿ ಇರೂದ ಉರುಳಾಕಲ್ರಿ ಅಕ್ಕಾರ!” ಎಂದು ಅವನು ನಕ್ಕ. ಸುತ್ತ ನೆರೆದವರೂ ನಕ್ಕರು. “ಲೋಡ್ ತುಂಬಿದ ಲಾರಿನ ಎಳದೇನಿ. ಇದ್ಯಾವ ಲೆಕ್ಕ? ನೀವು ಸುಮ್ಮ ಒಳಗ ಕುಂದರ್ರಿ.”

ಅಷ್ಟರಲ್ಲಿ ಯಾರೋ ಹಗ್ಗ ಬಿಗಿದಾಗಿತ್ತು. ಇನ್ಯಾರೋ ಅವಳ ಕೋಲನ್ನು ಹಿಂದಿನ ಸೀಟಿನಲ್ಲಿಟ್ಟು, ಅವಳ ತೋಳು ಹಿಡಿದು ಸ್ಟೇರಿಂಗಿನ ಮುಂದೆ ಕೂರಿಸಿ, ಬಾಗಿಲು ಹಾಕಿದರು. ಗೇರನ್ನು ನ್ಯೂಟ್ರಲ್ಲಿಗೆ ತರದೆ ಅವಳಿಗೆ ಗತಿಯಿರಲಿಲ್ಲ, ಇಲ್ಲವಾದರೆ ಗಾಲಿ ಬಿಗಿದುಕೊಂಡೇ ಎಳೆಯುತ್ತಿದ್ದರು.

ಮುಂದಿನದನ್ನು ಅವಳು ನನಗೆ ಒಂದೇ ಸಲ ಹೇಳಿದ್ದಾಳೆ. ಎರಡನೆಯ ಸಲ ಕೇಳುವ ಧೈರ್ಯ ನನಗಾಗಲಿಲ್ಲ. ಟ್ರ್ಯಾಕ್ಟರಿನ ಸದ್ದಿಗೆ ಕೂಗಿದ್ದು ಯಾರಿಗೂ ಕೇಳಲಿಲ್ಲ. ಬ್ರೇಕ್ ಒತ್ತಿದಳು. ಎಂಜಿನ್ ಇಲ್ಲದ ಕಾರಿನ ಬ್ರೇಕು ಕಲ್ಲಿನಂತೆ ಗಟ್ಟಿಯಾಗಿತ್ತು, ಆದರೂ ಬಲಗಾಲಿನ ಬಲವೆಲ್ಲ ಹಾಕಿ ತುಳಿದಳು. ಹಗ್ಗ ಹರಿಯಿತು. ಫಕ್ಕೀರಪ್ಪ ಇಳಿದು ಬಂದ. “ಎಳೀಬ್ಯಾಡ್ರಿ ಅಂದೆ” ಎಂದಳು. “ಹಗ್ಗ ಹಳೀದಿತ್ರಿ” ಎಂದು ಸಮಾಧಾನ ಹೇಳಿ, ಈ ಸಲ ಹಗ್ಗವನ್ನು ಜೋಡಿಯಾಗಿ ಕಟ್ಟಿದ. ಆಮೇಲೆ ಅವಳಿಗೆ ಉಳಿದದ್ದು ಹಾರ್ನ್ ಒಂದೇ. ಹೊಡೆದಳು, ಬಿಡದೆ ಹೊಡೆದಳು. ಫಕ್ಕೀರಪ್ಪ ಹಿಂದಿರುಗಿ ನೋಡಿ ಹುರುಪಿನಿಂದ ಕೈ ಎತ್ತಿ ಟ್ರ್ಯಾಕ್ಟರಿನ ವೇಗ ಹೆಚ್ಚಿಸಿದ. ದಾರಿಯ ಊರುಗಳಲ್ಲಿ ಜನ ನಿಂತು ನೋಡಿದರು, ಮಕ್ಕಳು ಕೈ ಬೀಸಿದರು. ಬ್ಯಾಡಗಿ ಮುಟ್ಟುವ ಹೊತ್ತಿಗೆ ಒಳಗೆ ಸುಟ್ಟ ವಾಸನೆ ಬರುತ್ತಿತ್ತು. ತನ್ನ ಕಾರಿನಲ್ಲಿ, ತನ್ನ ಕೈಯಲ್ಲೇ ಸ್ಟೇರಿಂಗ್ ಹಿಡಿದು, ತನ್ನ ಬದುಕು ಸುಡುವುದನ್ನು ಅವಳು ನೋಡುತ್ತ ಕುಳಿತಿದ್ದಳು.

ಬ್ಯಾಡಗಿಯಲ್ಲಿ ಮಹಮ್ಮದ್ ಹನೀಫ್ ಎಂಬ ಮೆಕ್ಯಾನಿಕ್‌ನ ಗ್ಯಾರೇಜು. ಆತ ಒಳಗೆ ಕುಳಿತು, ಗೇರ್ ಹಿಡಿಕೆಯನ್ನು ಅತ್ತಿತ್ತ ಅಲುಗಿಸಿ, ನ್ಯೂಟ್ರಲ್ಲಿನಲ್ಲಿ ಒತ್ತಿ ಹಿಡಿದು ಕೀಲಿ ತಿರುಗಿಸಿದ. ಎಂಜಿನ್ ಗುರ್ ಎಂದು ಎದ್ದಿತು! ಹಿಡಿಕೆಯ ಕೆಳಗೆ ಒಂದು ಸ್ವಿಚ್ ಸಡಿಲಾಗಿತ್ತು, ಅಷ್ಟೆ. ಗೇರು ಎಲ್ಲಿದೆ ಎಂದು ಆ ಸ್ವಿಚ್ಚಿಗೆ ತಿಳಿಯದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ನೆರೆದವರು ಚಪ್ಪಾಳೆ ತಟ್ಟಿದರು. ಹನೀಫ್ ಹಿಡಿಕೆಯನ್ನು ಮುಂದೆ ಹೋಗುವ ಗೇರಿಗೆ ತಂದ. ಎಂಜಿನ್ ಒದರಿತು, ಕಾರು ನಿಂತಲ್ಲೇ ನಿಂತಿತು. ಚಪ್ಪಾಳೆಯೂ ನಿಂತಿತು.

“ಇದನ್ನ ಬಿಚ್ಚಾಕ ನಂಗ ಬರತೈತ್ರಿ ಮೇಡಂ, ಕೂಡಸಾಕ ಬರಂಗಿಲ್ಲ,” ಎಂದ ಹನೀಫ್, ಪಾಪ, ಇದ್ದದ್ದನ್ನು ಇದ್ದಂತೆ. “ಹುಬ್ಬಳ್ಳಿಗೆ ಕಳಸ್ರಿ. ಲಾರಿ ಮ್ಯಾಲ ಹೇರಿ ಕಳಸ್ರಿ.”

ಹುಬ್ಬಳ್ಳಿಗೆ ಹೋದ ಕಾರು ಅಲ್ಲೇ ಕುಳಿತಿತು. ಗೇರ್‌ಬಾಕ್ಸಿನ ಒಳಗಿನ ಪ್ಲೇಟುಗಳು ಮುಂಬೈಯಿಂದ ಬರಬೇಕಿತ್ತು. ಒಮ್ಮೆ ಬಂದವು ಬೇರೆ ಅಳತೆಯವಾಗಿದ್ದವು. ಫೋನ್ ಮಾಡಿದಾಗಲೆಲ್ಲ ಮುಂದಿನ ವಾರ ಎನ್ನುತ್ತಿದ್ದರು. ನಿರ್ಮಲಾಳ ಅಣ್ಣ ವೀರೇಂದ್ರನಿಗೆ ಇದರಿಂದ ಒಳಗೊಳಗೇ ನೆಮ್ಮದಿಯಾಯಿತೆಂದು ನನ್ನ ಅನುಮಾನ. “ಅದನ್ನ ಮಾರಿಬಿಡೂಣ. ನಮ್ಮ ಡ್ರೈವರ್ ಮಾಂತೇಶ ಅದಾನಲ್ಲ, ಕರಕೊಂಡ ಹೋಗ್ತಾನ. ನಿನಗ್ಯಾಕ ಈ ತ್ರಾಸ?” ಎಂದ. ಪ್ರೀತಿಯಿಂದಲೇ ಎಂದ. ಮಾಂತೇಶ ಅಣ್ಣನ ಮಕ್ಕಳನ್ನು ಶಾಲೆಗೆ ಬಿಟ್ಟು, ಅತ್ತಿಗೆಯನ್ನು ಸಂತೆಗೆ ಬಿಟ್ಟು ಬರುವ ಹೊತ್ತಿಗೆ ಹೊಲದಲ್ಲಿ ಕೆಲಸ ಮುಗಿದು ಹೆಣ್ಣುಮಕ್ಕಳು ಬುತ್ತಿ ಬಿಚ್ಚಿರುತ್ತಿದ್ದರು. ಮ್ಯಾನೇಜರು ಅವಳ ಪ್ಲಾಟುಗಳನ್ನು ಬೇರೊಬ್ಬರಿಗೆ ಕೊಟ್ಟರು. ನಿರ್ಮಲಾ ಮತ್ತೆ ನನ್ನ ಎದುರಿಗೆ, ಟ್ಯೂಬ್‌ಲೈಟಿನ ಕೆಳಗೆ ಬಂದು ಕುಳಿತಳು.

ನನ್ನ ಪಿತ್ತ ನೆತ್ತಿಗೇರಿಸುತ್ತಿದ್ದವನು ಮಾತ್ರ ಫಕ್ಕೀರಪ್ಪ. ಕಂಪನಿಗೆ ಬಂದಾಗಲೆಲ್ಲ ಒಂದು ಚೀಲ ಹಸಿಮೆಣಸಿನಕಾಯಿ ತಂದು ಅವಳ ಮೇಜಿನ ಮೇಲಿಟ್ಟು, ಕೇಳಿದವರಿಗೂ ಕೇಳದವರಿಗೂ ಅದೇ ಕಥೆ ಹೇಳುತ್ತಿದ್ದ. “ಅಕ್ಕಾರು ಖುಷೀಲೆ ಹಾರ್ನ್ ಹೊಡದದ್ದೇ ಹೊಡದದ್ದು! ನಾ ಇರದಿದ್ರ ಆವತ್ತ ಗತಿ ಏನಿತ್ರಿ?” ಅವಳು ನಗುತ್ತಿದ್ದಳು.

“ಇವತ್ತ ನಾ ಹೇಳೇಬಿಡ್ತೇನಿ,” ಎಂದೆ ಒಮ್ಮೆ.

“ಬ್ಯಾಡ ದ್ರಾಕ್ಷಾಯಿಣಿ. ಒಳ್ಳೇದು ಮಾಡಾಕ ಬಂದಿದ್ರು. ಬೈದ್ರ ಬೈಸಿಕೊಳ್ಳೂವಂಥ ತಪ್ಪ ಏನ್ ಮಾಡ್ಯಾರ ಅವರು?” ಎಂದಳು. ಆಮೇಲೆ ತಲೆಯೆತ್ತದೆ, “ಕೆಟ್ಟವರಾಗಿದ್ರ ಚೊಲೊ ಇತ್ತು. ತಪ್ಪಿಸಿಕೊಳ್ಳಾಕರ ಬರತಿತ್ತು” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಬೀಜದ ಕಾಗದ ತಿರುವುತ್ತ ಕುಳಿತೆ.

ಕಾರು ಬಂದದ್ದು ಮರುವರ್ಷದ ಮುಂಗಾರಿಗೆ. ಮ್ಯಾನೇಜರು ಹಳೆಯ ಪ್ಲಾಟುಗಳನ್ನು ಕೊಟ್ಟರು, ಜೊತೆಗೆ ಒಂದು ಮಾತನ್ನೂ ಸೇರಿಸಿದರು: “ಈ ಸೀಸನ್ ನೋಡೂಣ. ಮತ್ತ ಗಾಡಿ ಕೈಕೊಟ್ರ ನೀವು ಆಫೀಸಿನಾಗ ಇರೂದ ಚೊಲೊ.” ಹುಬ್ಬಳ್ಳಿಯವರು ಹೇಳಿದ್ದು ಇನ್ನೂ ಕಟುವಾಗಿತ್ತು. ಇನ್ನೊಮ್ಮೆ ಎಳೆದರೆ ಆ ಗೇರ್‌ಬಾಕ್ಸನ್ನು ಗುಜರಿಗೇ ಹಾಕಬೇಕು.

ಕ್ರಾಸಿಂಗ್ ಶುರುವಾದ ಮೊದಲ ದಿನಗಳಲ್ಲೊಮ್ಮೆ ನಾನೂ ಅವಳೊಂದಿಗೆ ಕಾಗಿನೆಲೆಗೆ ಹೋದೆ. ಫಕ್ಕೀರಪ್ಪನ ಪ್ಲಾಟು ನೋಡಿ ಮುಗಿಸಿ, ಬಂದು ಕುಳಿತು ಕೀಲಿ ತಿರುಗಿಸಿದಳು. ದೀಪ ಹತ್ತಿದವು. ಎಂಜಿನ್ ಏಳಲಿಲ್ಲ. ಅದೇ ಬದು, ಅದೇ ಸ್ವಿಚ್ಚು. ಗೇರ್‌ಬಾಕ್ಸ್ ರಿಪೇರಿಯ ಗದ್ದಲದಲ್ಲಿ ಆ ಸಣ್ಣದನ್ನು ಬಿಗಿ ಮಾಡಲು ಮರೆತಿದ್ದರು. ಹನೀಫ್ ಮಾಡಿದಂತೆ ಹಿಡಿಕೆ ಒತ್ತಿದಳು, ನಾನೂ ಒತ್ತಿದೆ. ನಮ್ಮ ಮುಂಗೈಗೆ ಅಷ್ಟು ಬಲವಿರಲಿಲ್ಲ.

ತಲೆಯೆತ್ತಿದರೆ ಟ್ರ್ಯಾಕ್ಟರ್ ಹಿಮ್ಮುಖವಾಗಿ ಬರುತ್ತಿತ್ತು. ಫಕ್ಕೀರಪ್ಪನ ಮುಖದಲ್ಲಿ ಹಬ್ಬ. ಹಾಡಹಗಲೇ ಕೆಟ್ಟ ಕನಸು ಕಂಡವಳಂತೆ ನಿರ್ಮಲಾ ಸ್ಟೇರಿಂಗ್ ಹಿಡಿದು ಕುಳಿತಿದ್ದಳು. ನಾನು ಜಗಳಕ್ಕೆಂದೇ ಕೆಳಗಿಳಿದೆ. ಆದರೆ ಅವನು ಆಗಲೇ ಬಗ್ಗಿ ಕಾರಿನ ಕೊಂಡಿಗೆ ಹಗ್ಗ ಬಿಗಿಯುತ್ತಿದ್ದ.

“ಕಾಕಾ, ಹಗ್ಗ ಬಿಚ್ಚರಿ.”

ಅವಳು ಕೂಗಲಿಲ್ಲ. ಆದರೂ ಮೆಣಸಿನ ಸಾಲಿನಲ್ಲಿದ್ದ ಹೆಣ್ಣುಮಕ್ಕಳೆಲ್ಲ ಕೈ ನಿಲ್ಲಿಸಿ ಇತ್ತ ನೋಡಿದರು.

“ಯಾಕ್ರಿ ಅಕ್ಕಾರ? ಹ್ವಾದ ವರ್ಷದ ಗತೀಲೆ...”

“ಹ್ವಾದ ವರ್ಷ ನೀವು ಎಳದದ್ದಕ್ಕ ನನ್ನ ಗಾಡಿ ಸುಟ್ಟ ಹೋತು. ಒಂದ ವರ್ಷ ನಾ ಕ್ವಾಣ್ಯಾಗ ಕುಂತೆ. ಎಳೀಬ್ಯಾಡ್ರಿ ಅಂತ ಆವತ್ತ ಹೇಳಿದ್ದೆ.”

ಫಕ್ಕೀರಪ್ಪನ ಕೈಯಲ್ಲಿ ಹಗ್ಗ ಹಾಗೆಯೇ ಇತ್ತು. “ಮತ್ತ... ಹಾರ್ನ್ ಹೊಡೀತಿದ್ರೆಲ್ರಿ?”

“ನಿಲ್ಲಸ್ರಿ ಅಂತ ಹೊಡದೆ.”

ನನಗೆ ಅವನನ್ನು ನೋಡಲಾಗಲಿಲ್ಲ. ಅಷ್ಟು ದಿನ ಬೈಯಬೇಕೆಂದು ಕಾದಿದ್ದವಳು ನಾನು, ಒಂದು ಹೆಜ್ಜೆ ಹಿಂದೆ ಸರಿದೆ. ಅವನು ಮೊಣಕಾಲೂರಿ ಗಂಟು ಬಿಚ್ಚತೊಡಗಿದ. ತಾನೇ ಬಿಗಿದ ಗಂಟು, ಬೇಗ ಬಿಚ್ಚಲಿಲ್ಲ. ಕೊನೆಗೆ ಹಗ್ಗವನ್ನು ಸುತ್ತಿ ಟ್ರ್ಯಾಕ್ಟರಿನ ಮೇಲೆಸೆದು, ಅವಳ ಕಿಟಕಿಯಿಂದ ತುಸು ದೂರದಲ್ಲಿ ಬಂದು ನಿಂತ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

“ಈಗ ನಾ ಏನ್ ಮಾಡ್ಲಿ? ನೀವ ಹೇಳ್ರಿ ಅಕ್ಕಾರ.”

ನಿರ್ಮಲಾ ಸ್ಟೇರಿಂಗಿನಿಂದ ಕೈ ತೆಗೆದು ಅವನತ್ತ ತಿರುಗಿದಳು. ಅಂಥ ಮಾತು ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ.

“ಈ ಕಡೆ ಬಂದು ಕುಂದರ್ರಿ. ಈ ಹಿಡಿಕೀನ ನಾ ಹೇಳಿದಲ್ಲಿ ಒತ್ತಿ ಹಿಡೀರಿ. ಅಷ್ಟ ಸಾಕು.”

ಅವನು ಪಾದದ ಮಣ್ಣನ್ನು ಹುಲ್ಲಿಗೆ ಒರೆಸಿ, ಎಡಗಡೆಯ ಸೀಟಿನ ತುದಿಯಲ್ಲಿ ಕುಳಿತು, ಹಿಡಿಕೆಗೆ ಕೈ ಹಾಕಿದ. “ಇನ್ನ ಸ್ವಲ್ಪ ಮುಂದ,” ಎಂದಳು. ಸರಿಸಿದ. “ಹಾಂ, ಅಲ್ಲೇ. ಈಗ ಒತ್ತರಿ.” ಒತ್ತಿದ. ಅವಳು ಬ್ರೇಕ್ ತುಳಿದು ಕೀಲಿ ತಿರುಗಿಸಿದಳು. ಒಮ್ಮೆ ಏನೂ ಇಲ್ಲ. ಇನ್ನೊಮ್ಮೆ ತಿರುಗಿಸಿದಳು, ಎಂಜಿನ್ ಎದ್ದಿತು.

ಫಕ್ಕೀರಪ್ಪ ಕೈ ತೆಗೆಯಲಿಲ್ಲ. ಹಣೆಯ ಮೇಲೆ ಬೆವರಿತ್ತು. ಕಾರು ನಡುಗುತ್ತಿತ್ತು. ಹಾಗೆಯೇ ಒತ್ತಿ ಹಿಡಿದು, ಅವಳ ಮುಖ ನೋಡುತ್ತ ಕೇಳಿದ:

“ಬಿಡ್ಲೇನ್ರಿ?”

“ಬಿಡ್ರಿ ಕಾಕಾ,” ಎಂದಳು ನಿರ್ಮಲಾ.