ಅಲ್ಲ ಮತ್ತು ಇಲ್ಲ

ಆ ಉತ್ತರವನ್ನು ನಾನು ಪರದೆಯ ಮೇಲೆ ಓದಿದೆನೋ, ಓದಿದೆ ಎಂದು ಆಮೇಲೆ ಮನಸ್ಸಿನಲ್ಲಿ ಕಟ್ಟಿಕೊಂಡೆನೋ, ಬಹಳ ವರ್ಷ ನನಗೇ ಹೇಳಲಾಗಲಿಲ್ಲ. ಓದಿದ ನೆನಪಂತೂ ಇದೆ. ಹುಬ್ಬಳ್ಳಿಯ ಕಮರಿಪೇಟೆಯ ಒಂದು ಸೈಬರ್ ಕೆಫೆ, ಪ್ಲೈವುಡ್ಡಿನ ಗೂಡು, ಯಾರೋ ಚೆಲ್ಲಿದ ಚಹಾದಿಂದ ಬೆರಳಿಗೆ ಅಂಟುವ ಕೀಬೋರ್ಡು, ಇಂಗ್ಲಿಷಿನಲ್ಲಿ ಒಂದೇ ಸಾಲು: ಧನ್ಯವಾದ, ಆದರೆ ಇದು ಬೇಡ. ಇಷ್ಟು ಸ್ಪಷ್ಟವಾಗಿದ್ದುದರಿಂದಲೇ ನನಗೆ ಅನುಮಾನವಿತ್ತು. ನನ್ನ ನೆನಪುಗಳು ಸಾಮಾನ್ಯವಾಗಿ ಇಷ್ಟು ಚೊಕ್ಕವಾಗಿರುವುದಿಲ್ಲ.

ತೊಂಬತ್ತರ ದಶಕದ ಕೊನೆಗೆ ನಾನೂ ನನ್ನ ಗೆಳೆಯನೂ ಧಾರವಾಡದಲ್ಲಿ ಕಂಪ್ಯೂಟರ್ ಓದು ಮುಗಿಸಿ, ಹುಬ್ಬಳ್ಳಿಯ ಸಣ್ಣಪುಟ್ಟ ಕಚೇರಿಗಳಿಗೆ ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ಬರೆಯುವವನು ಅವನು, ತಪ್ಪು ಹುಡುಕುವವನು ನಾನು. ಪುಕ್ಕಟೆ ಸಿಗುತ್ತಿದ್ದ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆಯನ್ನು ನಾವು ಹಿಡಿದಿದ್ದೆವು. ಅದನ್ನು ಕಟ್ಟುತ್ತಿದ್ದವರು ಎಲ್ಲೆಲ್ಲೋ ದೂರದ ದೇಶಗಳಲ್ಲಿದ್ದರು. ಭಾಷೆಗೆ ಏನು ಸೇರಿಸಬೇಕು, ಏನು ತೆಗೆಯಬೇಕು ಎಂದು ಒಂದು ಈಮೇಲ್ ಗುಂಪಿನಲ್ಲಿ ದಿನವೂ ಜಗಳಾಡುತ್ತಿದ್ದರು. ಯಾರು ಬೇಕಾದರೂ ಅಲ್ಲಿ ಪ್ರಸ್ತಾವ ಕಳಿಸಬಹುದಿತ್ತು. ನಮಗೆ ಆ ಧೈರ್ಯ ಬಂದದ್ದು ಒಂದು ಬೈಗುಳದಿಂದ.

ಕಮರಿಪೇಟೆಯಲ್ಲೇ ಒಬ್ಬರು ಅಕ್ಕಾರು ವಧು-ವರ ಕೇಂದ್ರ ನಡೆಸುತ್ತಿದ್ದರು. ಬಂದವರನ್ನು ಎದುರಿಗೆ ಕೂಡಿಸಿಕೊಂಡು, ಒಂದೊಂದೇ ಪ್ರಶ್ನೆ ಕೇಳುತ್ತ ನಮ್ಮ ಪ್ರೋಗ್ರಾಮಿನಲ್ಲಿ ತಾವೇ ಟೈಪ್ ಮಾಡುವರು. ‘ಮೊದಲು ಮದುವೆ ಆಗಿತ್ತೇ?’ ಎಂದು ಕೇಳಿದಾಗ ಮುಗದ ಊರಿನ ಕಡೆಯ ಒಬ್ಬ ವರ ಏನೂ ಹೇಳದೆ ಕಿಟಕಿಯ ಕಡೆ ನೋಡಿದನಂತೆ. ಅಕ್ಕಾರು ಆ ಜಾಗ ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋದರು. ಅಚ್ಚಾಗಿ ಬಂದ ಹಾಳೆಯಲ್ಲಿ ಅಲ್ಲಿ ‘ಇಲ್ಲ’ ಎಂದಿತ್ತು. ನಾವು ಹಿಡಿದಿದ್ದ ಆ ಪ್ರೋಗ್ರಾಮಿಂಗ್ ಭಾಷೆಯ ಲೆಕ್ಕದಲ್ಲಿ ಖಾಲಿ ಬಿಟ್ಟದ್ದಕ್ಕೂ ‘ಇಲ್ಲ’ ಎಂದದ್ದಕ್ಕೂ ಭೇದವಿರಲಿಲ್ಲ. ಹೆಣ್ಣಿನ ಕಡೆಯವರು ಶಿರಗುಪ್ಪಿಯಿಂದ ವರನ ಮನೆತನ ನೋಡಲು ಹೋಗಿ ಕೂತಾಗ, ಒಳಗಿನಿಂದ ಒಂದು ಕೂಸು ಬಂದು ‘ಅಪ್ಪಾ’ ಎನ್ನುತ್ತ ವರನ ತೊಡೆ ಏರಿತು.

“ಅಂವ ಸುಮ್ಮ ಕುಂತಿದ್ದ ತಮ್ಮಾ,” ಎಂದು ಅಕ್ಕಾರು ನನ್ನ ಗೆಳೆಯನನ್ನು ಹಿಡಿದುಕೊಂಡರು. “ಸುಮ್ಮ ಕುಂತವನ ಬಾಯಾಗ ನಿನ್ನ ಕಂಪ್ಯೂಟರ್ ಯಾಕ ‘ಇಲ್ಲ’ ಅಂತ ತುರುಕ್ತು?”

“ಅಕ್ಕಾರ, ಅದು ಮದವಿ ಆಗಿಲ್ಲ ಅಂತ ಅಲ್ರಿ. ಉತ್ತರ ಇಲ್ಲ ಅಂತ್ರಿ.”

“ಹೌದಾ? ಹುಡುಗಿ ಅಪ್ಪ ಹೊರಗ ಕಟ್ಟಿ ಮ್ಯಾಲೆ ಕುಂತಾನ. ಅವಗ ಹೋಗಿ ಇದನ್ನ ಬಿಡಿಸಿ ಹೇಳಿ ಬಾ.”

ನಾವು ಹಿತ್ತಲ ಬಾಗಿಲಿನಿಂದ ಹೊರಬಿದ್ದೆವು. ಓಣಿಯಲ್ಲಿ ನಡೆಯುವಾಗ ನಮ್ಮಲ್ಲಿ ಒಬ್ಬ, “ಅಲ್ಲ ಬ್ಯಾರೆ, ಇಲ್ಲ ಬ್ಯಾರೆ” ಅಂದ. ಅಂದವನು ನಾನು ಎಂದು ನಾನು, ತಾನು ಎಂದು ಅವನು ಇಂದಿಗೂ ವಾದಿಸುತ್ತೇವೆ. ‘ಇವರು ನಮ್ಮ ಕಾಕಾ ಅಲ್ಲ’ ಎನ್ನುವುದು ಒಂದು, ‘ಕಾಕಾ ಮನ್ಯಾಗ ಇಲ್ಲ’ ಎನ್ನುವುದು ಇನ್ನೊಂದು. ಪ್ರೋಗ್ರಾಮಿಂಗ್ ಭಾಷೆಯಲ್ಲೂ ಹೀಗೆ ಎರಡು ನಿಷೇಧ ಪದಗಳಿರಲಿ: ಮಾತು ನಿಜವಲ್ಲದಿದ್ದರೆ ‘ಅಲ್ಲ’, ಉತ್ತರವನ್ನೇ ತುಂಬಿರದಿದ್ದರೆ ‘ಇಲ್ಲ’. ನಾವು ಮಾತಾಡುವ ಹಾಗೆಯೇ ಎರಡೂ ಸಾಲಿನ ಕೊನೆಗೆ ಬರಲಿ. ಇದೇ ನಮ್ಮ ಪ್ರಸ್ತಾವ.

ನಾನು ತಕರಾರು ತೆಗೆದೆ. ‘ಮದುವೆ ಆಗಿಲ್ಲ’ ಅನ್ನುವಾಗ ‘ಇಲ್ಲ’ವೇ ಬರುತ್ತದಲ್ಲ, ಅದು ಖಾಲಿ ಉತ್ತರವಲ್ಲವಲ್ಲ, ಕನ್ನಡವೇ ಅಷ್ಟು ಶುದ್ಧವಾಗಿಲ್ಲವಲ್ಲ ಎಂದೆ.

“ನೀ ಪ್ರೋಗ್ರಾಂದಾಗಿನ ತಪ್ಪು ಹುಡುಕಲೇ,” ಎಂದ ಅವನು. “ಕನ್ನಡಕ್ಕ ಯಾಕ ಕೈ ಹಾಕ್ತಿ?”

ಪ್ರಸ್ತಾವ ನನ್ನ ಈಮೇಲಿನಿಂದ ಹೋಯಿತು. ಕೆಲವು ವಾರಗಳ ನಂತರ ಉತ್ತರ ನೋಡಲು ಕೆಫೆಗೆ ಹೋದೆವು. ಅಲ್ಲಿ ಏನಾಯಿತು ಎನ್ನುವುದೇ ಮುಂದೆ ತಂಟೆಯಾಯಿತು.

ಆಮೇಲೆ ಗೆಳೆಯ ಒಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿದ. ಆ ಎರಡು ಶಬ್ದಗಳನ್ನು ಮಾತ್ರ ಬಿಡಲಿಲ್ಲ. ಭಾಷೆಯ ತನ್ನ ಪ್ರತಿಯಲ್ಲಿ ತಾನೇ ಅವನ್ನು ಸೇರಿಸಿಕೊಂಡು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದ. ಭಾಷೆಯ ಹೊಸ ಆವೃತ್ತಿ ಬಂದಾಗಲೆಲ್ಲ ಅದು ಮುರಿಯುತ್ತಿತ್ತು, ಇವನು ಮತ್ತೆ ಜೋಡಿಸುತ್ತಿದ್ದ. ಎರಡು ಸಾವಿರದ ದಶಕ ಅರ್ಧ ಕಳೆದಿತ್ತು, ಒಂದು ಭಾನುವಾರ ಸ್ಕೂಟರ್ ಏರಿ ನನ್ನ ಮನೆಗೆ ಬಂದ. ಭಾಷೆಯನ್ನು ಬುಡದಿಂದ ಮತ್ತೆ ಕಟ್ಟುತ್ತಿದ್ದಾರೆ, ಪ್ರಸ್ತಾವ ಕರೆದಿದ್ದಾರೆ, ಈ ಸಲ ತಪ್ಪಿದರೆ ಮತ್ತೆ ಅವಕಾಶವಿಲ್ಲ ಎಂದ. ಒಂದು ನಿಯಮ ಅಡ್ಡ ಬಂದಿತ್ತು. ಬೇಡ ಎನಿಸಿಕೊಂಡ ಪ್ರಸ್ತಾವವನ್ನು ಹೊಸ ಕಾರಣವಿಲ್ಲದೆ ಮತ್ತೆ ತರುವಂತಿಲ್ಲ. ಉತ್ತರವೇ ಬಾರದಿದ್ದರೆ ತರಬಹುದು. ಗುಂಪಿನ ಹಳೆಯ ಪತ್ರಗಳು, ಅವನ್ನಿಟ್ಟಿದ್ದ ಕಂಪ್ಯೂಟರ್ ಬದಲಾಯಿಸುವಾಗ ಕಳೆದುಹೋಗಿದ್ದವು. ಬಳಸದೆ ಬಿಟ್ಟ ನನ್ನ ಈಮೇಲ್ ಖಾತೆಯೂ ಮುಚ್ಚಿತ್ತು. ಉಳಿದ ಸಾಕ್ಷಿ ನಾನೊಬ್ಬನೇ.

“ಅವರು ಬ್ಯಾಡ ಅಂದಿದ್ರೋ, ಉತ್ತರಾನ ಬಂದಿರಲಿಲ್ಲೋ? ಅಷ್ಟ ಹೇಳು.”

“ನೀನೂ ಬಾಜೂಕ ಕುಂತಿದ್ದಿಯಲ್ಲ?”

“ಎಲ್ಲಿ ಕುಂತಿದ್ದೆ? ನಾ ತಿನ್ನಾಕ ಗಿರ್ಮಿಟ್ ತರಾಕ ಹೋಗಿದ್ದೆ. ಬಂದಾಗ ನೀ ಬಾಗಲದಾಗ ನಿಂತಿದ್ದಿ. ‘ಏನಾತು?’ ಅಂದೆ. ನೀ ‘ಇಲ್ಲ’ ಅಂದಿ.”

“ಏನ್ ಇಲ್ಲ?”

“ಅದನ್ನ ನಾ ನಿನಗ ಕೇಳಾಕತ್ತೇನಿ!”

“ಆವಾಗ ಯಾಕ ಕೇಳಲಿಲ್ಲ?”

“ಗಿರ್ಮಿಟ್ ಮೆತ್ತಗಾಗಾಕತ್ತಿತ್ತಲೇ.”

ಇಬ್ಬರೂ ನಕ್ಕೆವು. ಅವನ ನಗು ಬೇಗ ನಿಂತಿತು. ನನ್ನ ಹೆಂಡತಿ ತಂದಿಟ್ಟ ಚಹಾ ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದ. ಪರದೆಯ ಆ ಒಂದು ಸಾಲನ್ನು ಹೇಳಿಬಿಡೋಣ ಅನಿಸಿತು. ಆದರೆ ಆ ಗುಂಪಿನಿಂದ ದಿನಕ್ಕೆ ಹತ್ತಾರು ಪತ್ರ ಬರುತ್ತಿದ್ದವು. ಓದಿದ್ದು ಬೇರೆ ಯಾರಿಗೋ ಬರೆದದ್ದಾಗಿದ್ದರೆ? ‘ಇಲ್ಲ’ ಎಂದು ನಾನು ಅಂದಿದ್ದರೆ ಅದು ‘ಬಂದಿಲ್ಲ’ ಎಂದೋ, ‘ಒಪ್ಪಿಲ್ಲ’ ಎಂದೋ? ಎರಡನ್ನೂ ಬೇರೆ ಮಾಡಬೇಕೆಂದು ಅಷ್ಟು ದೂರ ಪತ್ರ ಬರೆದವನು ನಾನು, ನನ್ನದೇ ಮಾತು ನನಗೆ ಬಿಡಿಸಲಾಗುತ್ತಿರಲಿಲ್ಲ.

“ಖರೇ ಹೇಳ್ತೇನಿ, ನನಗ ಗೊತ್ತಿಲ್ಲೋ,” ಎಂದೆ.

ಅವನು ಚಹಾ ಎತ್ತಿಕೊಂಡ. “ಗೊತ್ತಿಲ್ಲ ಅಂದ್ರ ಖಾಲಿ. ಖಾಲಿ ಜಾಗಾದಾಗ ‘ಬ್ಯಾಡ’ ಅಂತ ಓದಬಾರದು ಅಂತನ ಅಲ್ಲೇನ ನಾವು ಬರದಿದ್ದು?”

ಹಾಗೆ ಪ್ರಸ್ತಾವ ಮತ್ತೆ ಹೋಯಿತು. ಹಿಂದೆ ನೀವು ಬೇಡ ಅಂದಿದ್ದಿರೋ ಇಲ್ಲವೋ ನಮಗೆ ನೆನಪಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಿದ್ದ. ಈ ಸಲ ಗುಂಪಿನಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ನನ್ನ ಹಳೆಯ ತಕರಾರನ್ನೇ ಬೇರೆ ಮಾತಿನಲ್ಲಿ ಯಾರೋ ಎತ್ತಿದರು. ಕೊನೆಗೆ ಅವನು ಫೋನ್ ಮಾಡಿದ.

“ಬ್ಯಾಡ ಅಂದ್ರು.”

“ಕಾರಣ ಹೇಳ್ಯಾರೇನು?”

“ಎರಡು ಪುಟದಷ್ಟು ಹೇಳ್ಯಾರ. ಛಲೋ ಬರದಾರ ಮಗನ.” ಮತ್ತೆ ಅವನೇ ಹೇಳಿದ: “ಅಲ್ಲ, ಇಲ್ಲ, ಬ್ಯಾಡ. ನಾವು ಮೂರು ಕೇಳಬೇಕಿತ್ತಲೇ.”

ಅವನು ನಗುತ್ತಿದ್ದನೋ ಇಲ್ಲವೋ ಫೋನಿನಲ್ಲಿ ತಿಳಿಯಲಿಲ್ಲ. ತನ್ನ ಪ್ರತಿಯನ್ನು ಜೋಡಿಸುವುದನ್ನು ಆ ವರ್ಷ ನಿಲ್ಲಿಸಿದ ಎಂದು ನನ್ನ ನೆನಪು. ಇನ್ನೂ ಒಂದೆರಡು ವರ್ಷ ಕಲಿಸಿದೆ ಎನ್ನುತ್ತಾನೆ ಅವನು.

ಮುಂದೆ ಯಾರೋ ಪುಣ್ಯಾತ್ಮರು ಗುಂಪಿನ ಹಳೆಯ ಪತ್ರಗಳನ್ನು ಹುಡುಕಿ ತೆಗೆದು ಮತ್ತೆ ಜೋಡಿಸಿಟ್ಟರು. ಕೂತು ನೋಡಿದೆ. ‘ಧನ್ಯವಾದ, ಆದರೆ ಇದು ಬೇಡ’ ಎನ್ನುವ ಸಾಲು ಅಲ್ಲಿ ಇದೆ. ಪ್ರೋಗ್ರಾಮಿನ ಪ್ರತಿ ಸಾಲಿನ ಕೊನೆಗೆ ಹಾಕುವ ಅರ್ಧವಿರಾಮ ಚಿಹ್ನೆ ತೆಗೆಯಿರಿ ಎಂದು ಕೇಳಿದ ಇನ್ಯಾರಿಗೋ ಬರೆದದ್ದು. ನಮ್ಮ ಪತ್ರ ಅದರ ಹಿಂದಿನದು. ಅದರ ಕೆಳಗೆ ಯಾರೂ ಏನೂ ಬರೆದಿಲ್ಲ.