ಹಿಂದೆ ಹೋಗಿ ಕೂತು ಬರುವ ಕಾಕಾ

ಮುಂದೆ ಸಾಗಬೇಕೆನ್ನುವ ಮನುಷ್ಯ ಮೊದಲು ಹಿಂದಕ್ಕೆ ಹೋಗಲು ಕಲಿಯಬೇಕು. ಈ ಮಹಾತತ್ತ್ವವನ್ನು ನಾನು ಯಾವ ಗುರುವಿನ ಪಾದದ ಬಳಿಯೂ ಕಲಿತದ್ದಲ್ಲ. ಹುಬ್ಬಿನ ಮೇಲೆ ಅರಿಶಿನದ ಧೂಳು ಕೂತ, ಅಂಗಿಯ ಕಾಲರಿಗೆ ನೀಲಿ ಚೌಕಳಿಯ ಕರವಸ್ತ್ರ ಸುತ್ತಿಕೊಂಡ ಒಬ್ಬ ಮನುಷ್ಯನಿಂದ, ಸಂಜೆಯ ಲೋಕಲ್ ರೈಲಿನಲ್ಲಿ ಕಲಿತದ್ದು.

ಅವರು ಎದುರು ಮನೆಯ ಕಾಕಾ. ವಿಜಯಪುರದ ಕಡೆಯವರು. ಮಸ್ಜಿದ್ ಸ್ಟೇಶನ್ನಿನ ಹತ್ತಿರ ಮಸಾಲೆ ಸಾಮಾನಿನ ಸಗಟು ಅಂಗಡಿಯೊಂದರಲ್ಲಿ ನೌಕರಿ. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಬಾಗಿಲಿನ ಎದುರು ಬಾಡಿಗೆ ಮನೆ. ಅವರು ಮದುವೆಯಾಗಿರಲಿಲ್ಲ. ನನ್ನ ಹೆಂಡತಿ ತೀರಿಕೊಂಡಿದ್ದಳು. ಹೀಗೆ ಒಂದೇ ಮಹಡಿಯಲ್ಲಿ ಎರಡು ಕುಕ್ಕರುಗಳು ಒಬ್ಬೊಬ್ಬರಿಗಾಗಿ ಕೂಗುತ್ತಿದ್ದವು.

ಸಂಜೆ ಮಸ್ಜಿದ್‌ನಲ್ಲಿ ಚೆಂಬೂರಿನ ಗಾಡಿ ಹತ್ತಿದವನಿಗೆ ಒಂದು ಕಾಲೂರಲು ಜಾಗ ಸಿಕ್ಕರೂ ಪುಣ್ಯ. ಆದ್ದರಿಂದ ಕಾಕಾ ಎದುರು ದಿಕ್ಕಿನ ಗಾಡಿ ಹತ್ತಿ ಒಂದು ಸ್ಟೇಶನ್ ಹಿಂದಕ್ಕೆ, ಗಾಡಿ ಹೊರಡುವ ವೀಟಿ ಸ್ಟೇಶನ್ನಿಗೆ ಹೋಗುತ್ತಿದ್ದರು. ಗಾಡಿ ಅಲ್ಲಿ ಖಾಲಿಯಾಗಿ ಅಲ್ಲಿಂದಲೇ ತಿರುಗುತ್ತದೆ. ವೀಟಿ ಬಳಿಯ ಕಚೇರಿಯಿಂದ ನಾನು ಏದುಸಿರು ಬಿಡುತ್ತ ಬರುವ ಹೊತ್ತಿಗೆ ಕಾಕಾ ಖಿಡಕಿಯ ಪಕ್ಕ ವಿರಾಜಮಾನರು; ಬದಿಯ ಸೀಟಿನ ಮೇಲೆ ನನ್ನ ಪರವಾಗಿ ಆ ಕರವಸ್ತ್ರ. ಯಾರಾದರೂ ಕೂರಲು ಬಂದರೆ ಕರವಸ್ತ್ರದತ್ತ ಬೆರಳು ತೋರಿಸಿ, “ಬೈಠಾ ಹೈ, ದಿಖತಾ ನಹೀ ಕ್ಯಾ?” ಎಂದು ಗದರುತ್ತಿದ್ದರು. ಕೂತಿದ್ದಾರೆ, ಕಾಣುವುದಿಲ್ಲವೇ ಎಂದು. ಕೇಳಿದವರು ಕರವಸ್ತ್ರಕ್ಕೆ ತಕ್ಕ ಮರ್ಯಾದೆ ಕೊಟ್ಟು ಮುಂದೆ ಹೋಗುತ್ತಿದ್ದರು.

ನಿವೃತ್ತರಾದ ಮೇಲೆ ಕಾಕಾರಿಗೆ ಹಿಂದೆ ಹೋಗಲೂ ಕೆಲಸವಿಲ್ಲ, ಮುಂದೆ ಬರಲೂ ಕೆಲಸವಿಲ್ಲ. ಬಾಗಿಲು ತೆರೆದಿಟ್ಟು ಮೊಬೈಲು ನೋಡುತ್ತ ಕೂರುತ್ತಿದ್ದರು. ಒಂದು ಸಂಜೆ ನಾನು ಕೀಲಿ ತಿರುಗಿಸುತ್ತಿರುವಾಗಲೇ ಕೂಗಿದರು.

“ತಮ್ಮಾ, ಇಲ್ಲಿ ಬಾ. ಏನ್ ಅನ್ಯಾಯ ನೋಡು!”

ಮೊಬೈಲಿನಲ್ಲಿ ಸ್ವಿಟ್ಜರ್ಲೆಂಡಿನ ಯಾವುದೋ ಕಣಿವೆಯಲ್ಲಿ ಕೆಂಪು ರೈಲೊಂದು ಓಡುತ್ತಿತ್ತು. ಒಳಗೆ ನರಪಿಳ್ಳೆಯಿಲ್ಲ.

“ಎಲ್ಲಾ ಖಿಡಕಿ ಸೀಟು ಖಾಲಿ! ಹಂಗ ಓಡಾಕತ್ತೈತಿ! ಮೇ ತಿಂಗಳದಾಗ ನಾವಿಬ್ಬರೂ ಹೋಗೂಣು.”

“ಟೂರಿನವರ ಸಂಗಾಟನಾ, ಕಾಕಾ?”

“ಟೂರ್ ಯಾಕ? ಬೆನ್ನಿಗೆ ಚೀಲಾ ಹಾಕ್ಕೊಂಡು ಹೋಗೂದು. ಹುಡುಗರು ಹೋಗೂದಿಲ್ಲೇನು?”

ಅಲ್ಲಿಂದ ನಮ್ಮ ಮಹಡಿಗೆ ಜೀವ ಬಂತು. ಗ್ರಾಂಟ್ ರೋಡಿನಿಂದ ಕಾಕಾ ತಮ್ಮಷ್ಟೇ ಎತ್ತರದ ಚೀಲ ತಂದರು. ಅದರಲ್ಲಿ ಜೋಳ ತುಂಬಿಕೊಂಡು ಬಿಲ್ಡಿಂಗಿನ ತುದಿಯ ಗಚ್ಚಿಯ ಮೇಲೆ ಅಭ್ಯಾಸ. ಆದರೆ ಚೀಲ ಬೆನ್ನಿಗಲ್ಲ, ಎದೆಗೆ! ಲೋಕಲ್‌ನ ಗರ್ದಿಯಲ್ಲಿ ಚೀಲವನ್ನು ಮುಂದೆ ಹಾಕಿಕೊಳ್ಳದವನು ಮೂರ್ಖ, ಆ ನಿಯಮ ಆಲ್ಪ್ಸ್ ಪರ್ವತಕ್ಕೂ ಅನ್ವಯಿಸುತ್ತದೆ. ಪಾಪಡ ಒಣಗಿಸಲು ಬಂದ ಕೆಳಗಿನ ಮನೆಯ ಮಾವಶಿ ಅಡ್ಡಾಡುವ ಚೀಲವನ್ನು ನೋಡಿ, “ಯಾರರೀ ಅದರ ಹಿಂದ ಇರೂದು?” ಎಂದು ಕೇಳಿದರು.

ದಾರಿ ಗೊತ್ತುಮಾಡುವಾಗ ಕಾಕಾ ಕೇಳುತ್ತಿದ್ದ ಪ್ರಶ್ನೆ ಒಂದೇ: “ಈ ಗಾಡಿ ಎಲ್ಲಿಂದ ಸುರು ಆಗತೈತಿ?” ಇನ್ಸ್‌ಬ್ರುಕ್‌ನಿಂದ ಜ್ಯೂರಿಕ್‌ಗೆ ಹೋಗುವ ಗಾಡಿ ವಿಯೆನ್ನಾದಲ್ಲಿ ಹೊರಡುತ್ತದೆಂದು ತಿಳಿದ ಕೂಡಲೇ, ಮೊದಲು ವಿಯೆನ್ನಾಕ್ಕೆ ಹಿಂದೆ ಹೋಗಿ ಕೂತು ಬರುವುದೆಂದು ತೀರ್ಮಾನಿಸಿದರು.

“ಕಾಕಾ, ಅದೇನು ವೀಟಿ ಅಲ್ಲ. ಅರ್ಧಾ ದಿನದ ದಾರಿ. ಸೀಟು ರಿಸರ್ವ್ ಮಾಡಬಹುದು.”

“ರಿಸರ್ವ್ ಮಾಡಿದಾಂವ ನಿಂತಿರ್ತಾನ, ಮೊದಲ ಬಂದಾಂವ ಕೂತಿರ್ತಾನ. ಎಲ್ಲಾ ಗಾಡಿಗೂ ಒಂದ ಪಾಸ್ ಐತೆಲ್ಲ, ನಿನ್ನ ಗಂಟೇನು ಹೋಗತೈತಿ?”

ಎರಡು ದಿನ ಮುನಿಸಿಕೊಂಡಿದ್ದು ವಿಯೆನ್ನಾವನ್ನು ಬಿಟ್ಟುಕೊಟ್ಟರು. ಆ ಕೆಂಪು ಗಾಡಿಯ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ನಾವು ತಂಗುವುದು ಕಣಿವೆಯ ನಡುವಿನ ಊರಿನಲ್ಲಿ. ಅಲ್ಲಿ ಹತ್ತಕೂಡದು, ಕೆಳಗೆ ಗಾಡಿ ಹೊರಡುವ ಊರಿಗೆ ಹೋಗಿ ಕೂತೇ ಬರಬೇಕು.

ವೀಸಾಕ್ಕೆ ಇಬ್ಬರೂ ಜೊತೆಗೇ ಅರ್ಜಿ ಹಾಕಿದೆವು. ನನಗೆ ಸಿಕ್ಕಿತು. ನನಗೆ ನೌಕರಿಯಿದೆ, ಸ್ವಂತ ಫ್ಲ್ಯಾಟ್ ಇದೆ. ಕಾಗದದ ಮೇಲೆ ನಾನು ಆಳವಾಗಿ ಬೇರೂರಿದ ಮನುಷ್ಯ. ಕಾಕಾರಿಗೆ ಸಿಗಲಿಲ್ಲ. ಹೆಂಡತಿ ಮಕ್ಕಳಿಲ್ಲ, ಮನೆ ಬಾಡಿಗೆಯದು, ನೌಕರಿ ಮುಗಿದಿದೆ. ಹೋದವರು ಮರಳಿ ಬರುತ್ತಾರೆಂದು ನಂಬಲು ಆಧಾರವಿಲ್ಲ ಎಂಬುದು ಉತ್ತರದ ಸಾರಾಂಶ.

ಕಾಕಾ ಕನ್ನಡಕ ತೆಗೆದು ಒರೆಸಿದರು.

“ನಾ ವಾಪಸ್ ಬರೂದಿಲ್ಲಂತ, ತಮ್ಮಾ. ಜಲ್ಮ ಪೂರ್ತಿ ವಾಪಸ್ ಹೋಗಿ ಹೋಗಿ ಬಂದಾಂವ ನಾ.” ಕನ್ನಡಕ ಮತ್ತೆ ಹಾಕಿಕೊಂಡು, “ಖರೇನೂ ಐತಿ ಬಿಡು. ಯಾರಿಗಂತ ಬರ್ಲಿ?” ಎಂದರು.

ನಾನೂ ಹೋಗುವುದಿಲ್ಲ ಎಂದೆ. ಅವರಿಗೆ ನಿಜವಾಗಿ ಸಿಟ್ಟು ಬಂತು. “ಇಬ್ಬರ ಸೀಟೂ ಖಾಲಿ ಓಡಿಸ್ತಿಯೇನು?”

ನಾನು ಹೊರಟ ದಿನ ಬೀಳ್ಕೊಡಲು ಏರ್‌ಪೋರ್ಟಿಗೆ ಬಂದರು. ಬಾಗಿಲಲ್ಲಿ ಕಾಲರಿನಿಂದ ಕರವಸ್ತ್ರ ಬಿಚ್ಚಿ ನನ್ನ ಕೈಗಿಟ್ಟರು. “ನಂದೊಂದು ಜಾಗಾ ಹಿಡಿ. ಖಿಡಕೀದು.”

ಮರಳಿದ ದಿನ ಕಾಕಾರ ಬಾಗಿಲು ತೆರೆದೇ ಇತ್ತು. ಪರ್ವತ ಹೇಗಿತ್ತು, ಹಿಮ ಹೇಗಿತ್ತು ಎಂದು ಕೇಳಲಿಲ್ಲ.

“ಹಿಂದ ಹೋಗಿ ಕೂತು ಬಂದಿ?”

“ಬಂದೆ, ಕಾಕಾ.”

“ನನ್ನ ಜಾಗಾ ಯಾರರ ಕೇಳಿದ್ರೇನು?”

“ಕೇಳಿದಾ ಒಬ್ಬಾಂವ. ಆರು ಫೂಟಿನ ಆಸಾಮಿ. ‘ಬೈಠಾ ಹೈ, ದಿಖತಾ ನಹೀ ಕ್ಯಾ?’ ಅಂದೆ.”

“ಹಿಂದಿ ಭಾಷಾದಾಗ?”

“ಹಿಂದ್ಯಾಗ.”

ಕಾಕಾ ಕೆಮ್ಮು ಬರುವವರೆಗೆ ನಕ್ಕರು. ಆ ಆರು ಫೂಟಿನವನ ಕಥೆಯನ್ನು ಮುಂದೆ ಅವರೇ ಮಾವಶಿಗೆ, ಹಾಲಿನವನಿಗೆ, ಇಸ್ತ್ರಿಯವನಿಗೆ ಹೇಳಿದರು. ಪ್ರತಿಸಲ ಅವನು ಒಂದಿಷ್ಟು ಬೆಳೆಯುತ್ತಿದ್ದ.

ಗಣಪತಿ ಹಬ್ಬಕ್ಕೆ ಮೊದಲು ಕಾಕಾ ತೀರಿಕೊಂಡರು. ಮನೆಯ ಮಾಲೀಕ ಬಂದು ಖೋಲಿ ಖಾಲಿ ಮಾಡಿಸಿದ. ಚೀಲ ನನಗೆ ಬಂತು. ತಳದಲ್ಲಿ ಇನ್ನೂ ನಾಲ್ಕು ಜೋಳದ ಕಾಳುಗಳಿದ್ದವು. ಈಗ ನಮ್ಮ ಮಹಡಿಯಲ್ಲಿ ಒಂದೇ ಕುಕ್ಕರು ಕೂಗುತ್ತದೆ.

ಸ್ವಿಟ್ಜರ್ಲೆಂಡಿನ ಆ ಕೆಂಪು ಗಾಡಿಯಲ್ಲಿ ಕರವಸ್ತ್ರವನ್ನು ಖಿಡಕಿಯ ಸೀಟಿನ ಮೇಲೆ ಹಾಸಿ, ನಾನು ಈ ಬದಿಗೆ ಕೂತಿದ್ದೆ. ಆ ಜಾಗವನ್ನು ಯಾರೂ ಕೇಳಲಿಲ್ಲ. ಕಡೆಯ ಸ್ಟೇಶನ್ನಿನವರೆಗೂ ಡಬ್ಬಿಯಲ್ಲಿ ನಾನೊಬ್ಬನೇ ಇದ್ದೆ.